ನಿಗಮ-ಮಂಡಳಿ ಮುಚ್ಚುವುದು ಅಷ್ಟು ಸುಲಭವೇ?

ಕೆಲಸವಿಲ್ಲದ ನಿಗಮ, ಮಂಡಳಿ, ಆಯೋಗಗಳನ್ನು ಮುಚ್ಚಿಬಿಡಿ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಮಾತು ಸರಿಯೇ. ಆದರೆ ಎಲ್ಲವನ್ನೂ ಒಂದೇ ರೀತಿ ಮುಚ್ಚಲಿಕ್ಕೆ ಆಗುವುದಿಲ್ಲ.

ಬರೀ ಸರ್ಕಾರಿ ಆದೇಶದಿಂದ ಹುಟ್ಟಿದ ಮಂಡಳಿಯನ್ನು ರದ್ದು ಮಾಡಲು ಇನ್ನೊಂದು ಆದೇಶ ಸಾಕು. ರಾಜ್ಯದ ಕಾಯ್ದೆಯಿಂದ ಹುಟ್ಟಿದ್ದಾದರೆ ಶಾಸನಸಭೆಯೇ ಆ ಕಾಯ್ದೆಯನ್ನು ರದ್ದು ಮಾಡಬೇಕು. ಕರ್ನಾಟಕದ ಅಲ್ಪಸಂಖ್ಯಾತರ ಆಯೋಗ 1994ರ ಕಾಯ್ದೆಯದ್ದು, ಕೇರಳದ್ದು 2014ರದ್ದು. ನಮ್ಮ ಮಕ್ಕಳಿಗೆ ‘ಅರಿವು’ ಸಾಲ ಕೊಡುವ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ 1986ರಲ್ಲಿ ಕಂಪನಿಯಾಗಿ ನೋಂದಣಿಯಾದದ್ದು. ಅಂಥದ್ದಕ್ಕೆ ಕಂಪನಿ ಕಾಯ್ದೆಯದ್ದೇ ದಾರಿ. ಲೋಕಸೇವಾ ಆಯೋಗ, ರಾಜ್ಯ ಚುನಾವಣಾ ಆಯೋಗಗಳು ಸಂವಿಧಾನದಲ್ಲೇ ಇವೆ. ಅವನ್ನು ರಾಜ್ಯ ಸರ್ಕಾರ ಮುಚ್ಚುವಂತಿಲ್ಲ.

ವ್ಯಾಪಾರಿಗಳಿಗೆ ಗೊತ್ತು, ಶಟರ್ ಎಳೆದರೆ ಲೆಕ್ಕ ಮುಗಿಯುವುದಿಲ್ಲ. ಜಿಎಸ್‌ಟಿ ನೋಂದಣಿ ರದ್ದಾದರೂ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಕೊಡಲೇಬೇಕು. ಮಂಡಳಿಗೂ ಹಾಗೆಯೇ: ಸಿಬ್ಬಂದಿ ಎಲ್ಲಿಗೆ, ಆಸ್ತಿ ಯಾರಿಗೆ, ಕೊಟ್ಟ ಸಾಲ ವಸೂಲಿ ಮಾಡುವವರು ಯಾರು, ಬಾಕಿ ಅರ್ಜಿಗಳ ಗತಿ ಏನು?

ಇನ್ನು ‘ನಿಷ್ಕ್ರಿಯ’ ಅನ್ನುವ ಪದ. ಅಧ್ಯಕ್ಷರನ್ನು ನೇಮಿಸದೆ, ಅನುದಾನ ಕೊಡದೆ ಬಿಟ್ಟರೆ ಯಾವ ಸಂಸ್ಥೆಯೂ ಮಲಗುತ್ತದೆ. ಕೆಲಸ ಮುಗಿದದ್ದು ಬೇರೆ, ಕೆಲಸ ಮಾಡಲು ಬಿಡದ್ದು ಬೇರೆ. ಮೊದಲನೆಯದನ್ನು ಮುಚ್ಚಲಿ, ಎರಡನೆಯದನ್ನು ಎಬ್ಬಿಸಲಿ. 2007ರಲ್ಲಿ ಸ್ಥಾಪನೆಯಾದ ಬ್ಯಾರಿ ಸಾಹಿತ್ಯ ಅಕಾಡೆಮಿಯಂಥ ಸಣ್ಣ ಭಾಷೆಯ ಸಂಸ್ಥೆಗಳ ವಿಷಯದಲ್ಲಿ ಈ ವ್ಯತ್ಯಾಸ ಮರೆತರೆ ನಷ್ಟ ನಮಗೇ.

ಯುವಕರು ಮಾಡಬಹುದಾದ ಕೆಲಸವೊಂದಿದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ: ವರ್ಷಕ್ಕೆ ಎಷ್ಟು ಸಭೆ ಆಯಿತು, ಸಂಬಳಕ್ಕೆ ಎಷ್ಟು ಹೋಯಿತು, ಯೋಜನೆಗೆ ಎಷ್ಟು? 30 ದಿನದಲ್ಲಿ ಉತ್ತರ ಕೊಡಬೇಕೆಂಬುದು ನಿಯಮ. ಮುಚ್ಚಬೇಕೋ ಬೇಡವೋ ಎಂದು ಆ ಲೆಕ್ಕ ನೋಡಿ ಮಾತಾಡೋಣ.