ಅರಿಸಿನದ ಹಕ್ಕು ಯಾರದು?

ಬೆರಳು ಕೊಯ್ದುಕೊಂಡಾಗ ಗಾಯಕ್ಕೆ ಅರಿಸಿನದ ಪುಡಿಯನ್ನು ಮೆತ್ತುವುದು ನಮ್ಮ ನಾಡಿನಲ್ಲಿ ಮಕ್ಕಳಿಗೂ ತಿಳಿದ ಮದ್ದು. ಈ ಮದ್ದನ್ನು ‘ಕಂಡುಹಿಡಿದ’ ಗೌರವವು 1995ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ದೊರೆಯಿತೆಂದರೆ ವಾಚಕರು ನಗಬಹುದು. ಆದರೆ ಇದು ದಾಖಲೆಯಲ್ಲಿರುವ ಸಂಗತಿ. ಆ ಪೇಟೆಂಟಿನ ಸಂಖ್ಯೆ 5,401,504.

ಪೇಟೆಂಟ್ ಎಂಬುದನ್ನು ಸರಕಾರಕ್ಕೂ ಶೋಧಕನಿಗೂ ನಡುವಣ ಒಂದು ಕರಾರೆನ್ನಬಹುದು. ಶೋಧಕನು ತನ್ನ ಗುಟ್ಟನ್ನು ಬಿಚ್ಚಿ ಬರೆದುಕೊಡಬೇಕು. ಪ್ರತಿಯಾಗಿ, ಅವನ ಅನುಮತಿಯಿಲ್ಲದೆ ಇತರರು ಅದನ್ನು ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕು ಅವನಿಗೆ ನಿಯತಕಾಲದವರೆಗೆ ಲಭಿಸುತ್ತದೆ. ಇಂದು ಈ ಅವಧಿಯು ಸಾಮಾನ್ಯವಾಗಿ ಅರ್ಜಿ ಸಲ್ಲಿಸಿದಂದಿನಿಂದ 20 ವರ್ಷ. ಶೋಧವು ಉಪಯುಕ್ತವಾಗಿದ್ದರೆ ಸಾಲದು, ಹೊಸದಾಗಿಯೂ ಇರಬೇಕು. ವಿಷಯವನ್ನು ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದಾಗಿರಬಾರದು.

ಹಾಗಾದರೆ ನಮ್ಮ ಅರಿಸಿನವು ಹೊಸದಾದುದು ಹೇಗೆ? ಗಂಟು ಇರುವುದು ಇಲ್ಲಿಯೇ. ಅಂದಿನ ಅಮೆರಿಕದ ಕಾಯಿದೆಯಂತೆ, ಆ ದೇಶದೊಳಗೆ ಬಳಕೆಯಲ್ಲಿದ್ದ ತಿಳಿವಳಿಕೆಯು ಹಳೆಯದೆಂದು ಎಣಿಕೆಯಾಗುತ್ತಿತ್ತು. ಹೊರದೇಶದ್ದಾದರೋ ಅಚ್ಚಾಗಿದ್ದರೆ ಅಥವಾ ಪೇಟೆಂಟ್ ಪಡೆದಿದ್ದರೆ ಮಾತ್ರ. ಕೋಟ್ಯಂತರ ಅಜ್ಜಿಯರ ಕೈಮದ್ದು ಒಂದು ಮುದ್ರಿತ ಪುಟಕ್ಕೆ ಸಾಟಿಯಾಗಲಿಲ್ಲ! (ಈ ಭೇದವನ್ನು ಅಮೆರಿಕವು 2011ರ ಕಾಯಿದೆಯಿಂದ ತೆಗೆದುಹಾಕಿತು.)

ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯು 1996ರಲ್ಲಿ ಮರುಪರಿಶೀಲನೆಯನ್ನು ಕೋರಿತು. 32 ಲಿಖಿತ ಆಧಾರಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಪ್ರಾಚೀನ ಗ್ರಂಥಗಳ ಜೊತೆಗೆ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಪ್ರಕಟವಾಗಿದ್ದ ಲೇಖನವೂ ಇತ್ತು. 1997ರ ಆಗಸ್ಟಿನಲ್ಲಿ ಪೇಟೆಂಟ್ ಕಚೇರಿಯು ಅರಿಸಿನದ ಮೇಲಿನ ಹಕ್ಕನ್ನು ತಳ್ಳಿಹಾಕಿತು. ಬೇವಿನ ಕಥೆ ಇನ್ನೂ ದೀರ್ಘ. ಅದರ ಎಣ್ಣೆಯಿಂದ ಶಿಲೀಂಧ್ರಗಳನ್ನು ನಿಗ್ರಹಿಸುವ ವಿಧಾನಕ್ಕೆ ಯೂರೋಪಿನಲ್ಲಿ 1994ರಲ್ಲಿ ದೊರೆತ ಪೇಟೆಂಟ್ 2000ದಲ್ಲಿ ರದ್ದಾಯಿತು. ಮೇಲ್ಮನವಿಯೂ ಬಿದ್ದುಹೋದದ್ದು 2005ರಲ್ಲಿ.

ಒಂದೊಂದು ಗಿಡಕ್ಕೂ ಹೀಗೆ ವ್ಯಾಜ್ಯ ಹೂಡುತ್ತ ಕೂರುವುದು ಸಾಧ್ಯವೆ? ಸಂಸ್ಕೃತ, ಪಾರಸಿ, ತಮಿಳು ಗ್ರಂಥಗಳನ್ನು ಓದಲಾರದ ಪರೀಕ್ಷಕನನ್ನು ದೂರಿಯೂ ಫಲವಿಲ್ಲ. ಆದುದರಿಂದ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕಾರ್ಯ ಆರಂಭವಾಯಿತು. ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಯೋಗಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನೀ ಭಾಷೆಗಳಲ್ಲಿ ಅಣಿಗೊಳಿಸಿ, ಕರಾರಿನ ಮೇಲೆ ವಿದೇಶದ ಪೇಟೆಂಟ್ ಕಚೇರಿಗಳಿಗೆ ಅದನ್ನು ತೆರೆದಿಡಲಾಗಿದೆ. ಯೂರೋಪಿನ ಕಚೇರಿಯೊಡನೆ ಒಪ್ಪಂದವಾದುದು 2009ರಲ್ಲಿ.

ಇದು ಒಳ್ಳೆಯ ಗುರಾಣಿಯೆಂದು ನಾವು ಎಣಿಸುತ್ತೇವೆ; ಆದರೆ ಗುರಾಣಿಯಿಂದ ಹೊಟ್ಟೆ ತುಂಬದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮೂಲಿಕೆಯ ಅರಿವು ಬಾಯಿಂದ ಬಾಯಿಗೆ ಬಂದದ್ದು. ಅದನ್ನು ಬರೆದು ಪ್ರಕಟಿಸಿದರೆ ಸುಳ್ಳು ಪೇಟೆಂಟ್ ತಪ್ಪೀತು, ಆದರೆ ಓದಿದವರೆಲ್ಲ ಅದರಿಂದ ಲಾಭ ಪಡೆಯಬಹುದು. ಬರೆಯದಿದ್ದರೆ ಸಾಕ್ಷಿಯೇ ಇಲ್ಲ. 2002ರ ನಮ್ಮ ಜೀವವೈವಿಧ್ಯ ಕಾಯಿದೆಯು ಲಾಭದಲ್ಲಿ ಪಾಲು ಕೊಡಿಸುವ ಮಾರ್ಗವನ್ನು ತೆರೆಯಿತು. 2024ರ ಮೇ ತಿಂಗಳಲ್ಲಿ ಜಿನೀವದಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದದಂತೆ, ಶೋಧವು ಇಂಥ ಜ್ಞಾನವನ್ನು ಆಧರಿಸಿದ್ದರೆ ಅದು ಯಾವ ಜನಸಮುದಾಯದಿಂದ ಬಂದಿತೆಂಬುದನ್ನು ಅರ್ಜಿದಾರನು ತಿಳಿಸಬೇಕು. 15 ದೇಶಗಳು ಅನುಮೋದಿಸಿದ ಮೂರು ತಿಂಗಳ ಬಳಿಕ ಅದು ಜಾರಿಗೆ ಬರತಕ್ಕದ್ದೆಂದು ಒಪ್ಪಂದದಲ್ಲಿಯೇ ಬರೆದಿದೆ.