ಪರ್ವತಾರೋಹಣದಲ್ಲಿ ಜೊತೆಗಾರರ ಸಾವು: ಕಾನೂನಿನ ಹೊಣೆ ಯಾರದು?

2025ರ ಜನವರಿ 19ರ ನಸುಕಿನಲ್ಲಿ, ಆಸ್ಟ್ರಿಯಾ ದೇಶದ ಅತ್ಯುನ್ನತ ಶಿಖರವಾದ ಗ್ರೋಸ್‌ಗ್ಲೋಕ್ನರ್‌ನಲ್ಲಿ 33 ವರ್ಷದ ಮಹಿಳೆಯೊಬ್ಬರು ಚಳಿಗೆ ಮರಗಟ್ಟಿ ಅಸುನೀಗಿದರು. ಶಿಖರದ ಎತ್ತರ 3,798 ಮೀಟರ್. ತುದಿಗೆ ಉಳಿದಿದ್ದುದು ಸುಮಾರು 50 ಮೀಟರ್ ಮಾತ್ರ. ಜೊತೆಗೆ ಏರಿದ್ದ ಆಕೆಯ ಸಂಗಾತಿ ರಾತ್ರಿ ಎರಡು ಗಂಟೆಯ ಸುಮಾರಿಗೆ ಆಕೆಯನ್ನು ಅಲ್ಲಿಯೇ ಬಿಟ್ಟು, ನೆರವು ತರಲೆಂದು ಶಿಖರ ದಾಟಿ ಇಳಿದಿದ್ದರು. ರಕ್ಷಣಾ ತಂಡ ತಲುಪುವ ವೇಳೆಗೆ ಆಕೆ ಉಳಿದಿರಲಿಲ್ಲ.

ಪರ್ವತಗಳಲ್ಲಿ ಸಾವು ಹೊಸದಲ್ಲ. ಹೊಸದಾದುದು ಮುಂದೆ ನಡೆದದ್ದು. ಇನ್ಸ್‌ಬ್ರುಕ್ ನಗರದ ಸರ್ಕಾರಿ ಅಭಿಯೋಜಕರು ಆ ಸಂಗಾತಿಯ ಮೇಲೆ ಘೋರ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಆರೋಪ ಹೊರಿಸಿದರು. ಆತ ಹಣ ಪಡೆದ ಮಾರ್ಗದರ್ಶಿಯಲ್ಲ, ಯಾವ ಸಂಸ್ಥೆಯ ಪ್ರತಿನಿಧಿಯೂ ಅಲ್ಲ. ರಜೆಯ ದಿನ ಒಲಿದವಳೊಂದಿಗೆ ಬೆಟ್ಟ ಹತ್ತಿದ ಹವ್ಯಾಸಿ. 2026ರ ಫೆಬ್ರವರಿಯಲ್ಲಿ ನ್ಯಾಯಾಲಯ ಆತನನ್ನು ತಪ್ಪಿತಸ್ಥನೆಂದು ನಿರ್ಣಯಿಸಿ, 5 ತಿಂಗಳ ಅಮಾನತು ಸೆರೆವಾಸವನ್ನೂ ದಂಡವನ್ನೂ ವಿಧಿಸಿತು. ಆ ದೇಶದ ದಂಡಸಂಹಿತೆಯಲ್ಲಿ ಈ ಅಪರಾಧಕ್ಕೆ ಗರಿಷ್ಠ ಶಿಕ್ಷೆ 3 ವರ್ಷ.

ಸ್ವಇಚ್ಛೆಯಿಂದ ಅಪಾಯಕ್ಕೆ ಇಳಿದ ಇಬ್ಬರು ವಯಸ್ಕರಲ್ಲಿ ಒಬ್ಬರು ಸತ್ತರೆ ಮತ್ತೊಬ್ಬರನ್ನು ಕಾನೂನು ಯಾವ ಆಧಾರದ ಮೇಲೆ ಪ್ರಶ್ನಿಸಬಹುದು? ಇದು ಆಲ್ಪ್ಸ್‌ಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ರಾಣಿಪುರಂ, ಚೆಂಬ್ರ, ಕುಮಾರ ಪರ್ವತ, ಕುದುರೆಮುಖಗಳ ಹಾದಿ ಹಿಡಿಯುವ ನಮ್ಮ ಗಡಿನಾಡಿನ ತರುಣ ತರುಣಿಯರೂ ಇದನ್ನು ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ಆರೋಪಪಟ್ಟಿಯಲ್ಲಿ ಇದ್ದುದೇನು?

ಬಿಟ್ಟುಹೋದ ಆ ಒಂದು ಕ್ಷಣಕ್ಕಾಗಿ ಮಾತ್ರ ಆತನಿಗೆ ಶಿಕ್ಷೆಯಾಯಿತೆಂದು ಅನೇಕರು ತಿಳಿದಿದ್ದಾರೆ. ಆರೋಪದ ವಿವರಗಳನ್ನು ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಅಭಿಯೋಜಕರು ಹಿಂದಿನ ದಿನದ ಬೆಳಗಿನಿಂದಲೇ ಒಂದೊಂದು ನಿರ್ಧಾರವನ್ನು ಎತ್ತಿ ತೋರಿಸಿದರು. ಆ ಏರಿಕೆಯನ್ನು ಯೋಜಿಸಿದವರು ಆತ. ಅನುಭವದಲ್ಲಿ ಹೆಚ್ಚಿನವರೂ ಆತನೇ. ಚಳಿಗಾಲದಲ್ಲಿ ಅಷ್ಟು ದೀರ್ಘವೂ ಕಠಿಣವೂ ಆದ ಏರಿಕೆಯನ್ನು ಆಕೆ ಹಿಂದೆಂದೂ ಕೈಗೊಂಡಿರಲಿಲ್ಲ. ಹೊರಟದ್ದು ಎರಡು ಗಂಟೆ ತಡವಾಗಿ. ಆಕೆ ಬಳಸಿದ್ದು ಸ್ಪ್ಲಿಟ್‌ಬೋರ್ಡ್ ಎಂಬ ಹಿಮಹಲಗೆ ಮತ್ತು ಅದಕ್ಕೆ ತಕ್ಕ ಮೆದು ಬೂಟು. ಬಂಡೆ ಮತ್ತು ಮಂಜುಗಡ್ಡೆ ಬೆರೆತ ಎತ್ತರದ ಹಾದಿಗೆ ಅದು ಹೊಂದುವುದಿಲ್ಲ. ಗಾಳಿಯ ವೇಗ ಗಂಟೆಗೆ 74 ಕಿಲೋಮೀಟರ್‌ವರೆಗೆ, ಉಷ್ಣಾಂಶ ಸೊನ್ನೆಗಿಂತ 8 ಡಿಗ್ರಿ ಕೆಳಗೆ. ಗಾಳಿಯ ಹೊಡೆತ ಸೇರಿದರೆ ಮೈಗೆ ತಾಗುವ ಚಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನದು. ಹಾಗಿದ್ದೂ ಹಿಂದಿರುಗುವ ತೀರ್ಮಾನ ಬರಲಿಲ್ಲ.

ರಾತ್ರಿ 8.50ರ ಸುಮಾರಿಗೆ ಅವರ ಏರಿಕೆ ನಿಂತೇಹೋಯಿತೆಂಬುದು ಅಭಿಯೋಜಕರ ವಾದ. 10.50ರ ಸುಮಾರಿಗೆ ಪೊಲೀಸ್ ಹೆಲಿಕಾಪ್ಟರ್ ಹತ್ತಿರದಿಂದಲೇ ಹಾದುಹೋದಾಗ ಯಾವ ಸಂಕಟಸೂಚನೆಯೂ ಕೆಳಗಿನಿಂದ ಬರಲಿಲ್ಲ. ಮಧ್ಯರಾತ್ರಿ 12.35ಕ್ಕೆ ಒಂದು ದೂರವಾಣಿ ಸಂಭಾಷಣೆ ನಡೆಯಿತು. ಅದರಲ್ಲಿ ನೆರವು ಕೇಳಲಾಗಿತ್ತೇ ಇಲ್ಲವೇ ಎಂಬುದು ವಿವಾದದ ವಿಷಯ. ಆ ಬಳಿಕ ಪೊಲೀಸರ ಕರೆಗಳಿಗೆ ಉತ್ತರ ದೊರೆಯಲಿಲ್ಲ. ಶಾಖ ಉಳಿಸುವ ಹೊದಿಕೆಯೂ ತುರ್ತು ಚೀಲವೂ ಜೊತೆಯಲ್ಲಿದ್ದವು; ಆಕೆಯನ್ನು ಬಿಟ್ಟು ಹೊರಡುವಾಗ ಅವನ್ನು ಹೊದಿಸಲಿಲ್ಲ. ರಕ್ಷಣಾ ತಂಡಕ್ಕೆ ಸ್ಪಷ್ಟ ಸುದ್ದಿ ಮುಟ್ಟಿದ್ದು 3.30ಕ್ಕೆ.

ಪ್ರತಿವಾದವೂ ಹಗುರವಾದುದಲ್ಲ. ಏರಿಕೆಯನ್ನು ಇಬ್ಬರೂ ಸೇರಿ ಯೋಜಿಸಿದ್ದರು, ಆಕೆಯೂ ದೃಢಕಾಯಳಾದ ಆರೋಹಿ, ಕೊನೆಯ ಹಂತದಲ್ಲಿ ಶಕ್ತಿ ಹಠಾತ್ತನೆ ಕುಸಿಯಿತು, ಇದು ದುರಂತವೇ ಹೊರತು ಅಪರಾಧವಲ್ಲ ಎಂದು ಆರೋಪಿಯ ಪರ ವಾದಿಸಲಾಯಿತು. ಸ್ವತಃ ಪರ್ವತಾರೋಹಿಯಾಗಿದ್ದ ನ್ಯಾಯಾಧೀಶರು ಇದನ್ನು ಒಪ್ಪಲಿಲ್ಲ. ಇಬ್ಬರ ಸಾಮರ್ಥ್ಯದ ನಡುವಣ ಅಂತರ ಬಹಳ ದೊಡ್ಡದು, ಆಕೆ ಆತನ ತೀರ್ಮಾನವನ್ನು ನಂಬಿ ನಡೆದಿದ್ದಳು ಎಂಬುದು ತೀರ್ಪಿನ ತಿರುಳು.

ಸಂಬಳವಿಲ್ಲದ ಮಾರ್ಗದರ್ಶಿ

ಸಾಮಾನ್ಯವಾಗಿ ದಂಡ ಕಾನೂನು ಮಾಡಿದ ಕೃತ್ಯವನ್ನು ಶಿಕ್ಷಿಸುತ್ತದೆ, ಮಾಡದೆ ಬಿಟ್ಟದ್ದನ್ನಲ್ಲ. ಆಸ್ಟ್ರಿಯಾದ ದಂಡಸಂಹಿತೆಯ 2ನೇ ಕಲಮಿನ ಪ್ರಕಾರ ಮಾಡದೆ ಬಿಟ್ಟದ್ದು ಅಪರಾಧವಾಗಬೇಕಾದರೆ, ಆ ಹಾನಿಯನ್ನು ತಡೆಯುವ ವಿಶೇಷ ಹೊಣೆ ಆ ವ್ಯಕ್ತಿಯ ಮೇಲೆ ಇರಬೇಕು. ತಾಯಿಗೆ ಮಗುವಿನ ಮೇಲಿರುವ ಹೊಣೆ ಅಂಥದು. ಒಪ್ಪಂದದಿಂದ ಬರುವ ಹೊಣೆ ಅಂಥದು. ಸ್ವತಃ ವಹಿಸಿಕೊಂಡ ಹೊಣೆಯೂ ಅಂಥದೇ.

ಈ ಕೊನೆಯ ಬಗೆಯಿಂದ ಜರ್ಮನ್ ಭಾಷೆಯ ನ್ಯಾಯಶಾಸ್ತ್ರದಲ್ಲಿ ‘ಸೌಜನ್ಯದ ಮಾರ್ಗದರ್ಶಿ’ ಎನ್ನಬಹುದಾದ ಪರಿಕಲ್ಪನೆ ಬೆಳೆದು ಬಂದಿದೆ. ಹಣ ಪಡೆಯದಿದ್ದರೂ, ಹಾದಿಯನ್ನು ಆರಿಸಿ, ವೇಳೆಯನ್ನು ಗೊತ್ತುಪಡಿಸಿ, ಮುಂದೆ ಹೋಗಬೇಕೋ ಹಿಂದಿರುಗಬೇಕೋ ಎಂಬುದನ್ನು ತೀರ್ಮಾನಿಸುವವರು ಒಬ್ಬರೇ ಆಗಿದ್ದು, ಮತ್ತೊಬ್ಬರು ಅದನ್ನು ನಂಬಿ ಹಿಂಬಾಲಿಸುತ್ತಿದ್ದರೆ, ಆ ಮೊದಲಿನವರೇ ಮಾರ್ಗದರ್ಶಿ. ಹೆಚ್ಚು ಅನುಭವವಿದೆ ಎಂಬುದಷ್ಟೇ ಇದಕ್ಕೆ ಸಾಲದು. ನಾಯಕತ್ವವನ್ನು ವಾಸ್ತವವಾಗಿ ವಹಿಸಿಕೊಂಡಿರಬೇಕು. ಸಮಬಲರಾದ ಇಬ್ಬರು ಚರ್ಚಿಸಿ ಏರಿದರೆ ಅಲ್ಲಿ ಮಾರ್ಗದರ್ಶಿಯೂ ಇಲ್ಲ, ಹಿಂಬಾಲಕರೂ ಇಲ್ಲ. ಪ್ರತಿಯೊಬ್ಬರ ಹೊಣೆ ಪ್ರತಿಯೊಬ್ಬರದು.

ಹಣ ಪಡೆದವರ ವಿಷಯ ಸರಳ. 1990ರಲ್ಲಿ ಆಲ್ಪ್ಸ್‌ನ ಟೂರ್ ರೋಂಡ್ ಶಿಖರದಲ್ಲಿ ಬ್ರಿಟಿಷ್ ವೃತ್ತಿಪರ ಮಾರ್ಗದರ್ಶಿಯೊಬ್ಬರು ಅವಸರದಲ್ಲಿ ಒಂದೇ ಒಂದು ಹಿಮತಿರುಪಿಗೆ ಹಗ್ಗದ ಆಧಾರವನ್ನು ಕಟ್ಟಿದ್ದರು. ಮಂಜಿನ ಪದರ ಕಳಚಿ ಇಬ್ಬರೂ ಉರುಳಿದಾಗ ಆ ಆಧಾರ ನಿಲ್ಲಲಿಲ್ಲ. ಅವರನ್ನು ಗೊತ್ತುಮಾಡಿಕೊಂಡಿದ್ದ ಆರೋಹಿ ಮೃತಪಟ್ಟರು. 1997ರಲ್ಲಿ ಇಂಗ್ಲೆಂಡಿನ ಹೈಕೋರ್ಟು ಮಾರ್ಗದರ್ಶಿಯನ್ನು ನಿರ್ಲಕ್ಷ್ಯಕ್ಕೆ ಹೊಣೆಗಾರನೆಂದು ಹೇಳಿತು. ಅದು ಪರಿಹಾರದ ದಾವೆ, ಶಿಕ್ಷೆಯ ಪ್ರಕರಣವಲ್ಲ. ಗ್ರೋಸ್‌ಗ್ಲೋಕ್ನರ್ ಪ್ರಕರಣ ಎರಡು ಹೆಜ್ಜೆ ಮುಂದೆ ಹೋಯಿತು: ವೃತ್ತಿಪರರಿಂದ ಹವ್ಯಾಸಿಗೆ, ಪರಿಹಾರದಿಂದ ದಂಡನೆಗೆ.

ಕಾನೂನು ಬಲಿದಾನವನ್ನು ಕೇಳುವುದಿಲ್ಲ

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ದೂರಮಾಡಬೇಕು. ಜೊತೆಗಾರನಿಗಾಗಿ ಪ್ರಾಣ ಕೊಡಬೇಕೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ನೆರವು ನೀಡದಿರುವುದನ್ನು ಅಪರಾಧವೆಂದು ಪರಿಗಣಿಸುವ ಆಸ್ಟ್ರಿಯಾದ ಕಾನೂನು ಕೂಡ, ನೆರವು ನೀಡಿದರೆ ತನ್ನ ಜೀವಕ್ಕೇ ಕುತ್ತು ಬರುವಂತಿದ್ದಲ್ಲಿ ವಿನಾಯಿತಿ ಕೊಡುತ್ತದೆ.

1985ರಲ್ಲಿ ಪೆರು ದೇಶದ ಸಿಯುಲಾ ಗ್ರಾಂಡೆಯಲ್ಲಿ ಜೋ ಸಿಂಪ್ಸನ್ ಕಾಲು ಮುರಿದುಕೊಂಡಾಗ, ಸೈಮನ್ ಯೇಟ್ಸ್ ಅವರನ್ನು ಹಗ್ಗದಲ್ಲಿ ಹಂತಹಂತವಾಗಿ ಇಳಿಸಿದರು. ಕೊನೆಗೆ ಸಿಂಪ್ಸನ್ ಕಡಿದಾದ ಅಂಚಿನಿಂದ ಜೋತುಬಿದ್ದು, ಅವರ ಭಾರಕ್ಕೆ ಯೇಟ್ಸ್ ಕೂಡ ಜಾರತೊಡಗಿದಾಗ ಯೇಟ್ಸ್ ಹಗ್ಗವನ್ನು ಕತ್ತರಿಸಿದರು. ಹಿಮದ ಬಿರುಕಿಗೆ ಬಿದ್ದ ಸಿಂಪ್ಸನ್ ಪವಾಡವೆಂಬಂತೆ ಬದುಕಿ, ತೆವಳುತ್ತ ಶಿಬಿರ ಸೇರಿದರು. ಕೆಲವರು ಯೇಟ್ಸ್ ಅವರನ್ನು ಜರೆದರೂ ಸಿಂಪ್ಸನ್ ಸದಾ ಅವರ ಪರ ನಿಂತರು. ಇಬ್ಬರೂ ಸಾಯುವುದೋ ಒಬ್ಬರು ಉಳಿಯುವುದೋ ಎಂಬ ಆಯ್ಕೆ ಎದುರಾದಾಗ ಕಾನೂನು ಸಾಮಾನ್ಯವಾಗಿ ಮೌನ ವಹಿಸುತ್ತದೆ.

ಇನ್ನೂ ಹಿಂದಕ್ಕೆ ಹೋದರೆ 1865ರ ಜುಲೈ 14. ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಮೊದಲು ಜಾರಿದವರು 19 ವರ್ಷದ ಅನನುಭವಿ ಹ್ಯಾಡೋ. ಹಗ್ಗ ನಡುವೆ ತುಂಡಾದುದರಿಂದ ಉಳಿದ ಮೂವರು ಬದುಕಿದರು. ಮಾರ್ಗದರ್ಶಿ ತೌಗ್‌ವಾಲ್ಡರ್ ಹಗ್ಗ ಕತ್ತರಿಸಿದನೆಂಬ ಗುಮಾನಿ ಹಬ್ಬಿತು; ಜರ್ಮಾಟ್‌ನಲ್ಲಿ ನಡೆದ ವಿಚಾರಣೆ ಆತನನ್ನು ನಿರ್ದೋಷಿಯೆಂದು ಸಾರಿತು. ಅಂದಿನ ಗುಮಾನಿಯೆಲ್ಲ ಹಗ್ಗ ತುಂಡಾದ ಆ ಕ್ಷಣವನ್ನೇ ಸುತ್ತುತ್ತಿತ್ತು. ಇಂದಿನ ನ್ಯಾಯಾಲಯ ಅದಕ್ಕಿಂತ ಮುಂಚಿನ ಪ್ರಶ್ನೆಯನ್ನೂ ಎತ್ತುತ್ತದೆ: ಅನುಭವವಿಲ್ಲದವರನ್ನು ಆ ಹಾದಿಗೆ ಕರೆದೊಯ್ದವರು ಯಾರು?

ಆಕ್ಷೇಪಗಳು

ಈ ತೀರ್ಪಿನ ಬಗೆಗೆ ಎರಡು ಗಂಭೀರ ಆಕ್ಷೇಪಗಳಿವೆ. ಹೆಚ್ಚು ಬಲ್ಲವರೆಲ್ಲ ಹೀಗೆ ಹೊಣೆಗಾರರಾಗುವುದಾದರೆ ಹೊಸಬರನ್ನು ಜೊತೆಗೆ ಕರೆದೊಯ್ಯುವವರೇ ಇಲ್ಲದಂತಾಗಬಹುದು. ಬೆಟ್ಟದ ವಿದ್ಯೆ ಪುಸ್ತಕದಿಂದ ಬರುವುದಲ್ಲ. ಬಲ್ಲವರ ಹಿಂದೆ ನಡೆದೇ ಕಲಿಯಬೇಕಾದದ್ದು. ಎರಡನೆಯದಾಗಿ, 33 ವರ್ಷದ ಮಹಿಳೆಯನ್ನು ಸ್ವಂತ ತೀರ್ಮಾನವೇ ಇಲ್ಲದವಳಂತೆ ಕಾಣುವುದು ಆಕೆಯ ಘನತೆಗೆ ಕುಂದಲ್ಲವೇ?

ಎರಡೂ ಮಾತುಗಳಲ್ಲಿ ತಥ್ಯವಿದೆಯೆಂದು ನಾವು ಒಪ್ಪುತ್ತೇವೆ. ಆದರೆ ಆರೋಪಪಟ್ಟಿಯಲ್ಲಿದ್ದ ಸಂಗತಿಗಳು ಪರ್ವತದ ಮಹಾಕೌಶಲವನ್ನು ಬೇಡುವಂಥವಲ್ಲ. ವೇಳೆಗೆ ಹೊರಡುವುದು, ಗಾಳಿ ಎದ್ದಾಗ ಮರಳುವುದು, ನೆರವಿನ ಕರೆಯನ್ನು ತಡಮಾಡದಿರುವುದು, ಇದ್ದ ಹೊದಿಕೆಯನ್ನು ಹೊದಿಸುವುದು: ಇವು ಸಾಮಾನ್ಯ ಎಚ್ಚರದ ಮಾತುಗಳು. ಕಲಿಸುವವರು ಈ ಎಚ್ಚರವನ್ನೇ ಮೊದಲು ಕಲಿಸಬೇಕು. ಆಕೆಯ ಸ್ವಾತಂತ್ರ್ಯದ ಮಾತಿಗೂ ಒಂದು ಮಿತಿಯಿದೆ. ಮೈಯ ಶಾಖ ಕುಸಿಯುತ್ತ ಹೋದಂತೆ ಬುದ್ಧಿಯೂ ಮಂಕಾಗುತ್ತದೆ. ಆ ಘಟ್ಟದಲ್ಲಿ ಇಬ್ಬರಿಗೂ ಸೇರಿ ಯೋಚಿಸಬೇಕಾದವರು ಇನ್ನೂ ಎಚ್ಚರವಾಗಿರುವವರೇ.

ನಮ್ಮ ದೇಶದ ಕಾನೂನು

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮು ದುಡುಕಿನ ಅಥವಾ ನಿರ್ಲಕ್ಷ್ಯದ ಕೃತ್ಯದಿಂದ ಸಾವು ಉಂಟುಮಾಡುವುದಕ್ಕೆ 5 ವರ್ಷಗಳವರೆಗಿನ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ. ಹಿಂದಿನ ದಂಡಸಂಹಿತೆಯ 304ಎ ಕಲಮಿನಲ್ಲಿ ಇದು 2 ವರ್ಷವಾಗಿತ್ತು. ಬೆಟ್ಟ ಕೇರಳದಲ್ಲಿರಲಿ, ತಮಿಳುನಾಡಿನಲ್ಲಿರಲಿ, ಕರ್ನಾಟಕದಲ್ಲಿರಲಿ, ಈ ಕಲಮು ಒಂದೇ. ಅರಣ್ಯ ಪ್ರವೇಶದ ಅನುಮತಿ, ಶುಲ್ಕ, ಚಾರಣದ ನಿಯಮಗಳು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ.

ನಮ್ಮ ನ್ಯಾಯಾಲಯಗಳು ಈ ಅಪರಾಧಕ್ಕೆ ಬಿಗಿಯಾದ ಅಳತೆಯನ್ನೇ ಇಟ್ಟಿವೆ. 1965ರ ಕುರ್ಬಾನ್ ಹುಸೇನ್ ರಂಗ್ವಾಲಾ ಪ್ರಕರಣದಲ್ಲಿ, ಆರೋಪಿಯ ಕೃತ್ಯವೇ ಸಾವಿನ ನೇರ ಕಾರಣವಾಗಿರಬೇಕು, ಎಲ್ಲೋ ದೂರದ ಕಾರಣವಾದರೆ ಸಾಲದು ಎಂದು ಸುಪ್ರೀಂ ಕೋರ್ಟು ಹೇಳಿತು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣ ವೈದ್ಯರಿಗೆ ಸಂಬಂಧಿಸಿದ್ದಾದರೂ, ದಂಡನೆಗೆ ಸಾಮಾನ್ಯ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯವೇ ಬೇಕು ಎಂಬ ವಿವೇಚನೆಯನ್ನು ಅದು ಸ್ಪಷ್ಟಪಡಿಸಿತು. ಸಂಹಿತೆಯ 25ನೇ ಕಲಮಿನಂತೆ, 18 ವರ್ಷ ಮೀರಿದವರು ಅಪಾಯವನ್ನು ಒಪ್ಪಿ ಪಾಲ್ಗೊಂಡಾಗ, ಸಾವನ್ನಾಗಲಿ ತೀವ್ರ ಗಾಯವನ್ನಾಗಲಿ ಉದ್ದೇಶಿಸದ, ಅವು ಸಂಭವನೀಯವೆಂದು ತಿಳಿಯದೆ ಮಾಡಿದ ಕೃತ್ಯದ ಹಾನಿ ಅಪರಾಧವಾಗುವುದಿಲ್ಲ. ವಿನೋದಕ್ಕಾಗಿ ಕತ್ತಿವರಸೆ ಆಡುವ ಇಬ್ಬರ ಉದಾಹರಣೆಯನ್ನು ಕಾನೂನೇ ಕೊಟ್ಟಿದೆ. ಆದರೆ ಆ ಉದಾಹರಣೆಯಲ್ಲಿಯೂ ಆಟ ನ್ಯಾಯವಾಗಿ ನಡೆದಿರಬೇಕೆಂಬ ನಿಬಂಧನೆ ಇದೆ. ಸಮ್ಮತಿ ಆಟದ ಸಹಜ ಅಪಾಯಕ್ಕೆ ಕೊಟ್ಟದ್ದು, ಜೊತೆಗಾರನ ಅಜಾಗರೂಕತೆಗೆ ಕೊಟ್ಟದ್ದಲ್ಲ.

ಅಪಾಯದಲ್ಲಿರುವವರಿಗೆ ನೆರವಾಗಲೇಬೇಕೆಂಬ ಸಾರ್ವತ್ರಿಕ ಕರ್ತವ್ಯ ಆಸ್ಟ್ರಿಯಾದಲ್ಲಿರುವಂತೆ ನಮ್ಮಲ್ಲಿಲ್ಲ. ಆದಕಾರಣ ಇಬ್ಬರು ಗೆಳೆಯರ ನಡುವೆ ಅಂಥದೇ ಪ್ರಕರಣವನ್ನು ಇಲ್ಲಿ ರುಜುವಾತುಪಡಿಸುವುದು ಕಷ್ಟಸಾಧ್ಯ. ಕರೆದೊಯ್ಯುವ ಹೊಣೆಯನ್ನು ಹಣಕ್ಕೆ ಒಪ್ಪಿಕೊಂಡ ಸಂಘಟಕರ ಸ್ಥಿತಿ ಅದಲ್ಲ. ಅವರ ಕರ್ತವ್ಯ ಒಪ್ಪಂದದಿಂದಲೇ ಹುಟ್ಟುತ್ತದೆ. ಅಪಾಯ ನಮ್ಮದೇ ಎಂದು ಬರೆಸಿಕೊಂಡ ಸಹಿಪತ್ರ ಅವರನ್ನು ದಂಡ ಕಾನೂನಿನಿಂದ ಪಾರುಮಾಡದು. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದ ಕಾಳ್ಗಿಚ್ಚಿಗೆ ಚಾರಣಿಗರು ಬಲಿಯಾದದ್ದನ್ನು, 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ತ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ಅಸುನೀಗಿದ್ದನ್ನು ನಾವಿನ್ನೂ ಮರೆತಿಲ್ಲ.

ಹೊರಡುವ ಮುನ್ನ

ನ್ಯಾಯಾಲಯದ ಮೆಟ್ಟಿಲೇರುವ ಮೊದಲೇ ತೀರ್ಮಾನವಾಗಬೇಕಾದ ಕೆಲವು ಸಂಗತಿಗಳಿವೆ. ನಮ್ಮಲ್ಲಿ ಕೊನೆಯ ಮಾತು ಯಾರದು ಎಂಬುದನ್ನು ಬುಡದಲ್ಲಿಯೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗಬೇಕೆಂಬುದನ್ನು ಗೊತ್ತುಪಡಿಸಬೇಕು. ನಡಿಗೆಯ ವೇಗವನ್ನೂ ಹಾದಿಯ ಆಯ್ಕೆಯನ್ನೂ ತಂಡದಲ್ಲಿ ಎಲ್ಲರಿಗಿಂತ ದುರ್ಬಲರಾದವರಿಗೆ ಹೊಂದಿಸಬೇಕು. ಮನೆಯಲ್ಲಿ ಒಬ್ಬರಿಗೆ ಹಾದಿಯನ್ನೂ ಮರಳುವ ವೇಳೆಯನ್ನೂ ತಿಳಿಸಿರಬೇಕು. ಸಂದೇಹ ಬಂದ ಕೂಡಲೇ 112ಕ್ಕೆ ಕರೆಮಾಡಬೇಕು. ಸುಮ್ಮನೆ ಕರೆದರೆಂಬ ಅಪಕೀರ್ತಿ ಯಾರ ಜೀವಕ್ಕೂ ಸಮನಲ್ಲ. ಬಿಟ್ಟುಹೋಗಲೇಬೇಕಾದ ಪರಿಸ್ಥಿತಿ ಬಂದರೆ, ಇದ್ದ ಬಟ್ಟೆ ಹೊದಿಕೆಗಳನ್ನೆಲ್ಲ ಹೊದಿಸಿ, ಗಾಳಿಗೆ ಮರೆಮಾಡಿ, ಜಾಗದ ಗುರುತನ್ನು ರಕ್ಷಕರಿಗೆ ತಿಳಿಸಿ ಹೊರಡಬೇಕು.

‘ನಾನಿದ್ದೇನೆ, ಬಾ’ ಎಂದು ಒಬ್ಬರು ಹೇಳಿ ಮತ್ತೊಬ್ಬರು ಅದನ್ನು ನಂಬಿ ಹೊರಟಾಗಲೇ ಹೊಣೆ ಹುಟ್ಟಿರುತ್ತದೆ. ಇನ್ಸ್‌ಬ್ರುಕ್‌ನ ತೀರ್ಪು ಹೇಳಿದ್ದು ಇಷ್ಟನ್ನೇ. ಕಾನೂನಿನ ಪುಸ್ತಕ ನಮ್ಮಲ್ಲಿ ಅಷ್ಟು ದೂರ ಬರಲಿ, ಬಾರದಿರಲಿ, ಆ ಮಾತನ್ನು ಆಡಿದವರು ಅದರ ತೂಕವನ್ನು ಅರಿತಿರಬೇಕು.