ತಾಯಿಗೆ ಎಚ್‌ಐವಿ ಇದ್ರೆ ಎದೆಹಾಲು ಕೊಡಬಹುದಾ?

ಹೆರಿಗೆ ಮಾಡಿಸೋ ಸಿಸ್ಟರ್‌ಗಳ ಕಿವಿಗೆ ಪಿಸುದನಿಯಲ್ಲಿ ಬರೋ ಪ್ರಶ್ನೆ ಇದು: 'ನಂಗೆ ಎಚ್‌ಐವಿ ಇದೆ ಸಿಸ್ಟರ್, ಮಗುಗೆ ಹಾಲು ಕೊಡ್ಲಾ?'

ಕೊಡಬಹುದು. ನಮ್ಮ ದೇಶದ ಮಾರ್ಗಸೂಚಿ ಪ್ರಕಾರ ಮೊದಲ 6 ತಿಂಗಳು ಎದೆಹಾಲು ಮಾತ್ರ. ಆದ್ರೆ ತಾಯಿ ಎಆರ್‌ಟಿ ಮಾತ್ರೆಯನ್ನ ಒಂದು ದಿನವೂ ತಪ್ಪಿಸಬಾರದು. ಮಗುವಿಗೂ ಹುಟ್ಟಿದಾಗಿನಿಂದ ಕನಿಷ್ಠ 6 ವಾರ ಸಿರಪ್ ಹಾಕಬೇಕು. ಮಾತ್ರೆಯಿಂದ ವೈರಸ್ ಹತೋಟಿಯಲ್ಲಿದ್ರೆ ಹಾಲಿನಿಂದ ಸೋಂಕು ತಗಲುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ.

ಸಿಸ್ಟರ್‌ಗಳ ನಿಜವಾದ ತಲೆನೋವು ಔಷಧಿಯದಲ್ಲ, ಮನೆಯದು. ಅಜ್ಜಿ ಪ್ರೀತಿಯಿಂದಲೇ ಜೇನುತುಪ್ಪ ನೆಕ್ಕಿಸ್ತಾರೆ, ಬಜೆ ತೇದು ಕೊಡ್ತಾರೆ, ಹಸುವಿನ ಹಾಲು ಕುಡಿಸ್ತಾರೆ. ಎದೆಹಾಲಿನ ಜೊತೆ ಇವೆಲ್ಲ ಸೇರಿದ್ರೆ ಎಳೆ ಕರುಳಿನ ಒಳಪದರಕ್ಕೆ ಪೆಟ್ಟಾಗಿ ವೈರಸ್‌ಗೆ ದಾರಿ ಸಿಗಬಹುದು. ಹಾಗಂತ ಅಜ್ಜಿಗೆ ಕಾರಣ ಹೇಳೋ ಹಾಗಿಲ್ಲ. ತಾಯಿಯ ಒಪ್ಪಿಗೆ ಇಲ್ಲದೆ ಆ ವಿಷಯ ಬಾಯಿಬಿಡೋದನ್ನ 2017ರ ಎಚ್‌ಐವಿ ಕಾಯ್ದೆ ತಡೆಯುತ್ತೆ. ಅದಕ್ಕೇ ಸಿಸ್ಟರ್ ಹೇಳೋದು ಇಷ್ಟೇ: 'ಅಜ್ಜಿ, 6 ತಿಂಗಳು ನೀರೂ ಬೇಡ. ಯಾವ ಮಗುವಿಗಾದ್ರೂ ಇದೇ ರೂಲ್ಸು.' ಸುಳ್ಳೇನಲ್ಲ, ಎಲ್ಲ ಮಕ್ಕಳಿಗೂ ಇರೋ ಸಲಹೆಯೇ ಅದು!

ಮೊಲೆತೊಟ್ಟು ಬಿರುಕು ಬಿಟ್ರೆ ತಕ್ಷಣ ಬನ್ನಿ ಅಂತಾನೂ ತಾಯಿಗೆ ಹೇಳಿ ಕಳಿಸ್ತಾರೆ. ಮಗುವಿನ ರಕ್ತಪರೀಕ್ಷೆ 6 ವಾರಕ್ಕೆ ಒಂದು, ಆಮೇಲೂ ಇರುತ್ತೆ. ಕೊನೇದು ಸಾಮಾನ್ಯವಾಗಿ 18 ತಿಂಗಳಿಗೆ.